ಸಂಕಟಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?

ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ಬೆಳಿಗ್ಗೆ ರೌಂಡ್ಸ್ ಶುರುವಾಯಿತು ಅಂದರೆ ಒಂದು ವಾಕ್ಯ ಕಿವಿಗೆ ಬಿದ್ದೇ ಬೀಳುತ್ತದೆ. ‘ಪೇಷೆಂಟ್ ವಾಸ್ ಅಪರೆಂಟ್ಲಿ ಆಲ್‌ರೈಟ್ ಫೈವ್ ಡೇಸ್ ಬ್ಯಾಕ್.’ ಐದು ದಿನದ ಹಿಂದೆ ರೋಗಿ ಮೇಲ್ನೋಟಕ್ಕೆ ಚೆನ್ನಾಗೇ ಇದ್ದರು ಅಂತ ಅರ್ಥ. ನನಗೆ ಪಾಠ ಹೇಳಿದವರು ಇದನ್ನು ಹೇಳಿದ್ದರು, ನಾನು ಹೇಳಿದೆ, ಈಗ ನನ್ನ ವಿದ್ಯಾರ್ಥಿಗಳು ಹೇಳ್ತಾರೆ. ಅಜ್ಜಿ ಕಥೆಗೆ ‘ಒಂದಾನೊಂದು ಊರಲ್ಲಿ’ ಇದ್ದ ಹಾಗೆ ಕೇಸಿಗೆ ಇದು.

ಪುಸ್ತಕ ವಿಮರ್ಶೆ ಬರೆಯುವವರಿದ್ದಾರೆ, ಸಿನಿಮಾ ವಿಮರ್ಶೆಗಂತೂ ಲೆಕ್ಕವಿಲ್ಲ. ಕೇಸ್ ಶೀಟಿನ ವಿಮರ್ಶೆ ಬರೆದವರನ್ನು ನಾನು ಕಂಡಿಲ್ಲ. ಇಪ್ಪತ್ತು ವರ್ಷದಿಂದ ಜನರಲ್ ಮೆಡಿಸಿನ್ ವಾರ್ಡಿನಲ್ಲಿ ಓದುತ್ತಾ, ಓದಿಸುತ್ತಾ ಇದ್ದೇನೆ. ಕಾದಂಬರಿಗಳಿಗಿಂತ ಹೆಚ್ಚು ಕೇಸ್ ಶೀಟ್‌ಗಳನ್ನೇ ಓದಿದ್ದೇನೆ. ಹಾಗಾಗಿ ಇದೂ ಒಂದು ಸಾಹಿತ್ಯ ಪ್ರಕಾರ ಅಂತ ಇಟ್ಟುಕೊಂಡು ನಾಲ್ಕು ಮಾತು ಬರೆಯುವ ಅಧಿಕಾರ ನನಗೆ ಇದೆ ಅಂದುಕೊಳ್ತೀನಿ.

ಆಸ್ಪತ್ರೆಯ ಒಳಗಿನ ವ್ಯವಸ್ಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಮೆಡಿಸಿನ್ ವಿಭಾಗ ಯೂನಿಟ್‌ಗಳಾಗಿ ಒಡೆದಿರುತ್ತದೆ. ಮೇಲೆ ಯೂನಿಟ್ ಚೀಫ್, ಕೆಳಗೆ ಪಿ.ಜಿ.ಗಳು, ಅದರ ಕೆಳಗೆ ಹೌಸ್ ಸರ್ಜನ್‌ಗಳು, ಗೋಡೆಗೆ ಒತ್ತಿಕೊಂಡು ಎಂ.ಬಿ.ಬಿ.ಎಸ್. ಹುಡುಗರು. ರಾತ್ರಿ ಬಂದ ರೋಗಿಯ ಕಥೆಯನ್ನು ಪಿ.ಜಿ. ಕೇಸ್ ಶೀಟಿನಲ್ಲಿ ಬರೀತಾನೆ, ಬೆಳಿಗ್ಗೆ ಮಂಚದ ಪಕ್ಕ ನಿಂತು ಒಪ್ಪಿಸ್ತಾನೆ, ಚೀಫ್ ತಿದ್ದುತ್ತಾರೆ. ವೈದ್ಯಕೀಯ ನಿಜವಾಗಿ ಕಲಿಯೋದು ಇಲ್ಲೇ. ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ವಿಲಿಯಂ ಆಸ್ಲರ್ ವಿದ್ಯಾರ್ಥಿಗಳನ್ನು ಲೆಕ್ಚರ್ ಹಾಲಿನಿಂದ ಎಬ್ಬಿಸಿ ವಾರ್ಡಿಗೆ ಕರಕೊಂಡು ಹೋದದ್ದನ್ನು ನಾವು ಇವತ್ತಿಗೂ ಹೊಗಳ್ತೀವಿ. ಸರಿಯೇ. ಆದರೆ ಆಸ್ಲರ್‌ನ ವಿದ್ಯಾರ್ಥಿ ಮತ್ತು ಆಸ್ಲರ್‌ನ ರೋಗಿ ಸಾಮಾನ್ಯವಾಗಿ ಒಂದೇ ಭಾಷೆ ಮಾತಾಡ್ತಿದ್ದರು ಅನ್ನೋದನ್ನು ಮರೆತಿದ್ದೇವೆ.

ಕೇಸ್ ಶೀಟಿನ ಮೊದಲ ಅಂಗ ‘ಚೀಫ್ ಕಂಪ್ಲೇಂಟ್ಸ್’, ಮುಖ್ಯ ತೊಂದರೆಗಳು. ಇದಕ್ಕೊಂದು ನಿಯಮ ಇದೆ, ಎರಡನೇ ವರ್ಷದ ಹುಡುಗಿಯನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳ್ತಾಳೆ: ರೋಗಿಯ ಸ್ವಂತ ಮಾತಿನಲ್ಲೇ ಬರೆಯಬೇಕು. ನಾವೆಲ್ಲ ಎದೆಗವಚಿಕೊಂಡು ಓಡಾಡಿದ ‘ಕ್ಲಿನಿಕಲ್ ಮೆಥಡ್ಸ್’ ಪುಸ್ತಕವನ್ನು ರಾಬರ್ಟ್ ಹಚಿಸನ್ ಮತ್ತು ಹ್ಯಾರಿ ರೈನಿ ಹೊರತಂದದ್ದು 1897ರಲ್ಲಿ, ಬ್ರಿಟನ್ನಿನಲ್ಲಿ. ಅಲ್ಲಿಯ ವಿದ್ಯಾರ್ಥಿಗೆ ಇಂಥ ನಿಯಮ ಪಾಲಿಸೋದು ಕಷ್ಟವಿಲ್ಲ. ರೋಗಿ ಹೇಳಿದ್ದನ್ನು ಹಾಗೇ ಬರೆದರಾಯಿತು. ನಮ್ಮ ವಾರ್ಡಿನಲ್ಲಿ ರೋಗಿ ಹೇಳೋದು ಕನ್ನಡ, ಹಾಳೆಯ ಮೇಲೆ ಬೀಳೋದು ಇಂಗ್ಲಿಷ್. ನಡುವೆ ಒಂದು ಅನುವಾದ ನಡೆದಿರುತ್ತದೆ. ಅನುವಾದಕನ ಹೆಸರಿಲ್ಲ, ಮೂಲಪಾಠ ಇಲ್ಲ, ಅನುವಾದ ಆಗಿದೆ ಅನ್ನುವ ಸೂಚನೆ ಕೂಡ ಇಲ್ಲ. ಮೇಲಿಂದ ‘ರೋಗಿಯ ಸ್ವಂತ ಮಾತಿನಲ್ಲಿ’ ಅಂತ ಬೇರೆ!

ಸುಸ್ತು ಅನ್ನೋ ಮಾತು ತಗೊಳ್ಳಿ. ಹುಡುಗರು ಕಣ್ಣು ಮುಚ್ಚಿಕೊಂಡು ‘ಫಟೀಗ್’ ಅಂತ ಬರೀತಾರೆ. ಕೂಲಿಗೆ ಹೋಗುವ ಹೆಂಗಸು ಸುಸ್ತು ಅಂದರೆ ಮೆಟ್ಟಿಲು ಹತ್ತುವಾಗ ಉಸಿರು ಸಾಲೋದಿಲ್ಲ ಅಂತ ಇರಬಹುದು, ರಕ್ತ ಕಮ್ಮಿಯಾಗಿ ಕೈಕಾಲು ಸೋತಿರಬಹುದು, ಮನೆಯಲ್ಲಿ ಯಾರ ಹತ್ತಿರವೂ ಹೇಳಿಕೊಳ್ಳಲಾಗದ ದುಃಖ ಇರಬಹುದು. ಮೂರಕ್ಕೂ ಮಾಡುವ ಪರೀಕ್ಷೆ ಬೇರೆ. ತಲೆಸುತ್ತು ಅಂದರೆ ಕೋಣೆ ಗಿರ್ರನೆ ತಿರುಗೋದೋ, ಕಣ್ಣು ಕತ್ತಲೆ ಬಂದು ಬೀಳೋ ಹಾಗಾಗೋದೋ? ಮೊದಲನೆಯದಕ್ಕೆ ಕಿವಿ ನೋಡಬೇಕು, ಎರಡನೆಯದಕ್ಕೆ ಹೃದಯ. ಶೀಟಿನಲ್ಲಿ ಎರಡೂ ‘ಗಿಡ್ಡಿನೆಸ್’. ಒಳಜ್ವರ ಇನ್ನೂ ಮಜಾ. ಥರ್ಮಾಮೀಟರಿಗೆ ಸಿಗದ, ಮೈಯೊಳಗೆ ಮಾತ್ರ ಗೊತ್ತಾಗುವ ಕಾವಿಗೆ ನಮ್ಮ ಜನ ಇಟ್ಟ ಹೆಸರು ಅದು. ಶೀಟಿನಲ್ಲಿ ‘ಲೋ ಗ್ರೇಡ್ ಫೀವರ್’ ಆಗಿ, ಮೂರನೇ ದಿನಕ್ಕೆ ಟಿ.ಬಿ. ಹುಡುಕಾಟ ಶುರುವಾಗಿರುತ್ತದೆ. ಇನ್ನು ‘ಗ್ಯಾಸ್ಟ್ರಿಕ್’ ಅಂತ ರೋಗಿಯೇ ಇಂಗ್ಲಿಷ್ ಮಾತು ಆಡಿದರಂತೂ ಮುಗೀತು, ಅನುವಾದದ ಶ್ರಮವೂ ಉಳಿಯಿತು ಅಂತ ಖುಷಿ.

ಕಾಲದ ಲೆಕ್ಕವೂ ಹೀಗೇ. ‘ಕಾಲು ಊತ ಯಾವಾಗಿಂದ?’ ಅಂದರೆ ‘ರಾಗಿ ಕಣ ಮಾಡೋವಾಗ್ಲೇ ಒಸಿ ಇತ್ತು, ಶಿವರಾತ್ರಿಗೆ ಜಾಸ್ತಿ ಆಯ್ತು’ ಅಂತಾರೆ. ಎಷ್ಟು ಖಚಿತ ನೋಡಿ! ಊತ ಶುರುವಾದ ಹೊತ್ತಿನಲ್ಲಿ ಆ ಮನುಷ್ಯನಿಗೆ ಕಣದಲ್ಲಿ ಕೆಲಸ ಮಾಡುವ ಶಕ್ತಿ ಇತ್ತು ಅನ್ನೋದೂ ಅದರಲ್ಲೇ ಇದೆ. ನಮ್ಮ ಹುಡುಗ ಬರೆಯೋದು ‘ತ್ರೀ ಮಂತ್ಸ್’.

ಇದು ಹೊರರಾಜ್ಯದಿಂದ ಬಂದ, ಕನ್ನಡ ಬಾರದ ವಿದ್ಯಾರ್ಥಿಗಳ ಸಮಸ್ಯೆ ಅಂತ ನೀವು ಅಂದುಕೊಳ್ಳಬಹುದು. ನಾನೂ ಬಹಳ ಕಾಲ ಹಾಗೇ ಅಂದುಕೊಂಡು ಹಾಯಾಗಿದ್ದೆ. ನಾನು ಮೈಸೂರಿನವಳು, ಮನೆಮಾತು ಕನ್ನಡ, ಹೈಸ್ಕೂಲಿನವರೆಗೂ ಕನ್ನಡ ಮಾಧ್ಯಮ. ಹಾಗಾಗಿ ಈಗ ಹೇಳಬೇಕಾದದ್ದನ್ನು ಹೇಳಿಬಿಡ್ತೀನಿ.

ನಾನು ಪಿ.ಜಿ. ಎರಡನೇ ವರ್ಷದಲ್ಲಿದ್ದೆ. ಅಡ್ಮಿಷನ್ ಡೇ ರಾತ್ರಿ, ಮೂವತ್ತು ದಾಟಿದ ಮೇಲೆ ಎಣಿಸೋದು ಬಿಟ್ಟಿದ್ದೆ. ಹನ್ನೊಂದರ ಹೊತ್ತಿಗೆ ಒಬ್ಬರು ಅಜ್ಜಿ ಬಂದರು, ಅರವತ್ತೈದರ ಆಸುಪಾಸು, ಸಕ್ಕರೆ ಕಾಯಿಲೆ ಹಳೇದು. ಜೊತೆಗೆ ಮಗ.

‘ಏನಾಗ್ತಿದೆ ಅಜ್ಜಿ?’

‘ಸಂಕ್ಟ ಕಣ್ ಮಗ. ಹೊತ್ತು ಮುಳುಗ್ದಾಗಿಂದ್ಲೂವೆ. ತಡಿಯಾಕಾಯ್ತಿಲ್ಲ.’

‘ಎದೆ ನೋವಿದೆಯಾ?’

‘ನೋವಲ್ಲ ಕಣವ್ವ. ಸಂಕ್ಟ.’

ನಮ್ಮ ಮನೆಯಲ್ಲಿ ಸಂಕಟ ಅಂದರೆ ಹೊಟ್ಟೆ ತೊಳಸೋದು, ವಾಂತಿ ಬರೋ ಹಾಗಾಗೋದು. ಬಸ್ಸಿನಲ್ಲಿ ಕೂತರೆ ನನಗೆ ಆಗ್ತಿದ್ದದ್ದು. ‘ನಾಸಿಯಾ, ಆರು ಗಂಟೆಯಿಂದ’ ಅಂತ ಬರೆದೆ. ಅದರ ಕೆಳಗೆ ‘ನೋ ಹಿಸ್ಟರಿ ಆಫ್ ಚೆಸ್ಟ್ ಪೇಯ್ನ್’ ಅಂತಲೂ ಬರೆದೆ. ಗ್ಯಾಸ್ಟ್ರೈಟಿಸ್ ಅಂತ ಷರಾ ಹಾಕಿ, ವಾಂತಿಗೆ ಒಂದು, ಆಸಿಡ್‌ಗೆ ಒಂದು ಇಂಜೆಕ್ಷನ್ ಬರೆದು ಮುಂದಿನ ಮಂಚಕ್ಕೆ ಹೋದೆ. ಎದೆ ನೋವು ಅಂದಿದ್ದರೆ ಹತ್ತು ನಿಮಿಷದೊಳಗೆ ಇ.ಸಿ.ಜಿ. ತೆಗೀಬೇಕು ಅನ್ನೋದು ನನಗೆ ಬಾಯಿಪಾಠ. ಅವರು ಅನ್ನಲಿಲ್ಲ.

ಬೆಳಿಗ್ಗೆ ಏಳಕ್ಕೆ ಸಿಸ್ಟರ್ ಬಂದು ಬಿ.ಪಿ. ಇಳೀತಿದೆ ಅಂದರು. ಆಗ ತೆಗೆದ ಇ.ಸಿ.ಜಿ.ಯಲ್ಲಿ ಹೃದಯದ ಕೆಳಗೋಡೆಗೆ ದೊಡ್ಡ ಆಘಾತ ಆಗಿರೋದು ಕಾಣಿಸ್ತು. ರಕ್ತದ ಹೆಪ್ಪು ಕರಗಿಸುವ ಮದ್ದಿನಿಂದ ಹೆಚ್ಚು ಪ್ರಯೋಜನ ಆಗೋದು ಮೊದಲ ಕೆಲವು ಗಂಟೆಗಳಲ್ಲಿ. ಹನ್ನೆರಡು ಗಂಟೆ ದಾಟಿದರೆ ಸಾಮಾನ್ಯವಾಗಿ ಕೊಡೋದಿಲ್ಲ. ಆರರಿಂದ ಏಳಕ್ಕೆ ಹದಿಮೂರು ಗಂಟೆ ಆಗಿತ್ತು. ಅದರಲ್ಲಿ ಎಂಟು ಗಂಟೆ ಅವರು ನನ್ನ ವಾರ್ಡಿನಲ್ಲೇ ಇದ್ದರು. ಮೂರನೇ ದಿನ ತೀರಿಕೊಂಡರು.

ಹೃದಯಾಘಾತವಾದವರಲ್ಲಿ ಎಷ್ಟೋ ಜನ ಅದನ್ನು ನೋವು ಅಂತ ಕರೆಯೋದೇ ಇಲ್ಲ. ಹಿಂಡಿದ ಹಾಗೆ, ಕಲ್ಲು ಮಡಗಿದ ಹಾಗೆ, ಏನೋ ಒಂಥರಾ ಅಂತಾರೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ, ವಯಸ್ಸಾದ ಹೆಂಗಸರಲ್ಲಿ ಅದಿನ್ನೂ ಜಾಸ್ತಿ. ಇದು ಪಠ್ಯಪುಸ್ತಕದಲ್ಲಿದೆ, ನಾನು ಓದಿದ್ದೆ, ಪರೀಕ್ಷೆಯಲ್ಲಿ ಕೇಳಿದ್ದರೆ ಬರೆಯುತ್ತಿದ್ದೆ. ಅಜ್ಜಿ ನೋವಲ್ಲ ಅಂದದ್ದು ಅಕ್ಷರಶಃ ನಿಜ. ನಾನು ಕೇಳಿದ ಪ್ರಶ್ನೆಗೆ ಅವರು ಸರಿಯಾದ ಉತ್ತರ ಕೊಟ್ಟರು, ಮೇಲೆ ಸರಿಯಾದ ಪದವನ್ನೂ ಕೊಟ್ಟರು, ಎರಡು ಸಲ. ‘ಎಲ್ಲಿ ಸಂಕಟ, ಕೈಯಿಟ್ಟು ತೋರಿಸಿ ಅಜ್ಜಿ’ ಅಂತ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ.

ನಾನು ಈ ಲೇಖನ ಬರೆಯೋದಕ್ಕೆ ಕಾರಣ ಆ ತಪ್ಪಿಗಿಂತ ಅದರ ನಂತರ ನಡೆದದ್ದು. ತಿಂಗಳ ಕೊನೆಗೆ ಸಾವುಗಳ ಪರಿಶೀಲನಾ ಸಭೆ ಇರುತ್ತದೆ. ಅದಕ್ಕಾಗಿ ರೆಕಾರ್ಡ್ ರೂಮಿನಿಂದ ಆ ಕೇಸ್ ಶೀಟ್ ತರಿಸಿ ಓದಿದೆ. ಎಷ್ಟು ಚೆನ್ನಾಗಿತ್ತು ಅಂತೀರಿ! ಅಕ್ಷರ ದುಂಡಗೆ. ತೊಂದರೆ, ಅವಧಿ, ಹಿಂದಿನ ಕಾಯಿಲೆ, ಮನೆಯವರ ಕಾಯಿಲೆ, ಹೊಟ್ಟೆ ಮುಟ್ಟಿ ನೋಡಿದ್ದು, ಎಲ್ಲ ಕ್ರಮವಾಗಿ. ಸಭೆಯಲ್ಲೂ ಯಾರೂ ನನ್ನನ್ನು ಬೈಯಲಿಲ್ಲ. ಎದೆ ನೋವಿನ ಇತಿಹಾಸ ಇರಲಿಲ್ಲ, ಲಕ್ಷಣ ವಿಲಕ್ಷಣವಾಗಿತ್ತು ಅಂತ ಆಯ್ತು. ಆ ಹಾಳೆ ಓದಿದ ಯಾರಿಗೂ ಬೇರೆ ಏನೂ ಹೊಳೆಯೋದು ಸಾಧ್ಯವೇ ಇರಲಿಲ್ಲ. ಯಾಕಂದರೆ ‘ಸಂಕಟ’ ಅನ್ನುವ ಪದ ಆ ಶೀಟಿನಲ್ಲಿ ಎಲ್ಲೂ ಇಲ್ಲ. ತಪ್ಪು ಅನುವಾದ ಮಾಡಿದವಳು ನಾನೇ, ಮೂಲವನ್ನು ಇಲ್ಲವಾಗಿಸಿದವಳೂ ನಾನೇ. ನಡುರಾತ್ರಿ ಎರಡು ಗಂಟೆಗೆ ಹಳ್ಳಿಯಿಂದ ಬಂದ ಇನ್ನೊಬ್ಬ ಪಿ.ಜಿ. ಆ ಶೀಟು ತಿರುವಿ ‘ಸಂಕ್ಟ ಅಂದ್ರಾ?’ ಅಂತ ಒಂದು ಕ್ಷಣ ನಿಲ್ಲಬಹುದಿತ್ತು. ನಾಸಿಯಾ ಅಂತ ಓದಿದ ಯಾರೂ ನಿಲ್ಲೋದಿಲ್ಲ.

ಬ್ರಿಟನ್ನಿನಲ್ಲಿ 1975ರಲ್ಲಿ ಹ್ಯಾಂಪ್ಟನ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಅಧ್ಯಯನವನ್ನು ಮೆಡಿಸಿನ್ ಮೇಷ್ಟ್ರುಗಳೆಲ್ಲ ಪಾಠದಲ್ಲಿ ತರ್ತಾರೆ. ಹೊಸದಾಗಿ ಬಂದ 80 ರೋಗಿಗಳಲ್ಲಿ 66 ಜನರ ಕಾಯಿಲೆ, ಅವರನ್ನು ಕಳಿಸಿದ ವೈದ್ಯರ ಪತ್ರ ಮತ್ತು ಅವರ ಬಾಯಿಂದ ಕೇಳಿದ ಕಥೆ ಇಷ್ಟರಿಂದಲೇ ಸರಿಯಾಗಿ ಗೊತ್ತಾಗಿತ್ತು. ಕಥೆ ಕೇಳೋದೇ ಮುಖ್ಯ ಅಂತ ಹೇಳಲು ನಾನೂ ಇದನ್ನೇ ಹೇಳ್ತೀನಿ. ಆಮೇಲೆ ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ 1984ರಲ್ಲಿ ತೋರಿಸಿದ್ದನ್ನು ಹೇಳ್ತೀನಿ: ರೋಗಿ ಮಾತು ಶುರುಮಾಡಿದ ಮೇಲೆ ವೈದ್ಯರು ಸರಾಸರಿ 18 ಸೆಕೆಂಡಿಗೆ ಬಾಯಿ ಹಾಕಿದ್ದರು. ಹುಡುಗರು ನಗ್ತಾರೆ. ನಮ್ಮ ಕ್ಯಾಶುವಾಲ್ಟಿಯಲ್ಲಿ 18 ಸೆಕೆಂಡ್ ಅಂದರೆ ಧಾರಾಳ.

ಹಾಗಂತ ಕೇಸ್ ಶೀಟಿನ ಚೌಕಟ್ಟನ್ನೇ ಬೈಯೋದು ನನ್ನ ಉದ್ದೇಶ ಅಲ್ಲ. ಕಥೆಗಾರನಿಗೆ ಚೌಕಟ್ಟು ಬೇಡ ಅನ್ನೋರು ರಾತ್ರಿ ಡ್ಯೂಟಿ ಮಾಡಿದವರಲ್ಲ. ಅಮೆರಿಕ ಮತ್ತು ಕೆನಡಾದ 9 ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ, ಒಂದು ಪಾಳಿಯ ರೆಸಿಡೆಂಟ್ ಇನ್ನೊಂದು ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸುವಾಗ ಇಂತಿಂಥದ್ದನ್ನು ಇಂಥ ಕ್ರಮದಲ್ಲೇ ಹೇಳಬೇಕು ಅಂತ ಕಟ್ಟುಮಾಡಿ ನೋಡಿದರು. ಐ-ಪಾಸ್ ಅಂತ ಅದರ ಹೆಸರು. 2014ರಲ್ಲಿ ಫಲಿತಾಂಶ ಬಂತು, ವೈದ್ಯಕೀಯ ತಪ್ಪುಗಳು ನೂರಕ್ಕೆ 23ರಷ್ಟು ಇಳಿದಿದ್ದವು. ಹಾಗೆಯೇ ಲಾರೆನ್ಸ್ ವೀಡ್ 1968ರಲ್ಲಿ ಬರೆದ ಪ್ರಬಂಧ. ರೋಗಿಯ ದಾಖಲೆ ಅನ್ನೋದು ಬರೀ ಕಡತವಲ್ಲ, ಅದು ಚಿಕಿತ್ಸೆಗೆ ದಾರಿ ತೋರಬೇಕು, ಕಲಿಸಬೇಕು ಅಂತ ಅವರ ವಾದ. ಅವರ ಪದ್ಧತಿಯಲ್ಲಿ ಪ್ರತಿದಿನದ ಟಿಪ್ಪಣಿ ಶುರುವಾಗೋದೇ ರೋಗಿ ಏನಂದರು ಅನ್ನೋದರಿಂದ. ನಮ್ಮ ಶೀಟ್‌ಗಳಲ್ಲಿ ಆ ಜಾಗದಲ್ಲಿ ಏನಿರುತ್ತದೆ ಗೊತ್ತಾ? ‘ನೋ ಫ್ರೆಶ್ ಕಂಪ್ಲೇಂಟ್ಸ್.’ ಹೊಸ ತೊಂದರೆ ಇಲ್ಲ. ಎಷ್ಟೋ ಸಲ ಕೇಳಿಯೇ ಇರೋದಿಲ್ಲ.

ಈ ಪ್ರಕಾರದ ಶಬ್ದಭಂಡಾರದ ಬಗ್ಗೆಯೂ ಒಂದೆರಡು ಮಾತು. ರೋಗಿಗೆ ಕಥೆಯನ್ನು ಕ್ರಮವಾಗಿ ಹೇಳೋಕೆ ಬರದಿದ್ದರೆ ‘ಪೂವರ್ ಹಿಸ್ಟೋರಿಯನ್’ ಅಂತ ಬರೀತೀವಿ. ಇತಿಹಾಸ ಬರೆಯೋ ಕೆಲಸ ರೋಗಿಯದ್ದಾ? ಪೆನ್ನು ಇರೋದು ಯಾರ ಕೈಲಿ? ಇನ್ನು ಟಿ.ಬಿ. ಮಾತ್ರೆ ನಡುವೆ ಬಿಟ್ಟವರು ‘ಡಿಫಾಲ್ಟರ್’. ಬ್ಯಾಂಕಿನ ಸಾಲ ಕಟ್ಟದವನಿಗೆ ಅನ್ನೋ ಮಾತು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ತನ್ನ ಪರಿಭಾಷೆಯಿಂದ ಆ ಮಾತನ್ನು ತೆಗೆದು, ನಮ್ಮ ಸಂಪರ್ಕ ತಪ್ಪಿಹೋದವರು ಅನ್ನೋ ಅರ್ಥದ ಪದ ಹಾಕಿತು. ವಾರ್ಡಿನಲ್ಲಿ ಇನ್ನೂ ಡಿಫಾಲ್ಟರ್ ಅಂತಲೇ ಇದೆ. ಮೊನ್ನೆ ಒಬ್ಬ ಹೌಸ್ ಸರ್ಜನ್ ಒಬ್ಬರ ಶೀಟಿನಲ್ಲಿ ‘ನಾನ್ ಕಂಪ್ಲಯಂಟ್ ಟು ಇನ್ಸುಲಿನ್’ ಅಂತ ಬರೆದಿದ್ದ. ಮಾತು ಕೇಳದವರು ಅಂತ. ಕೂತು ಕೇಳಿದರೆ ಆ ಹೆಂಗಸಿನ ಮನೆಯಲ್ಲಿ ಫ್ರಿಜ್ ಇಲ್ಲ. ಪಕ್ಕದ ಮನೆಯಲ್ಲಿ ಇಟ್ಟಿದ್ದರು, ಅವರು ಬೀಗ ಹಾಕಿಕೊಂಡು ಮದುವೆಗೆ ಹೋಗಿದ್ದರು. ಮಡಕೆ ನೀರಿನ ತಂಪಿನಲ್ಲಿ ಇನ್ಸುಲಿನ್ ಇಡಬಹುದು ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ಆಸ್ಪತ್ರೆಯವರಾದ ನಾವು ಹೇಳಿರಲಿಲ್ಲ ಅಂತ ಶೀಟಿನಲ್ಲಿ ಬರೆಯೋ ಜಾಗ ಇಲ್ಲ.

ಹೊಸ ಪಠ್ಯಕ್ರಮದಲ್ಲಿ ಇದಕ್ಕೆಲ್ಲ ಮದ್ದು ಇದೆ ಅಂತಾರೆ. 2019ರಿಂದ ಎಂ.ಬಿ.ಬಿ.ಎಸ್.ಗೆ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂದಿದೆ, ಶುರುವಿನಲ್ಲೇ ಫೌಂಡೇಷನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆ ಕಲಿಸೋಕೆ ಸಮಯ ಇಟ್ಟಿದ್ದಾರೆ, ನಡತೆ ಮತ್ತು ಸಂವಹನಕ್ಕೆ ಎಟ್‌ಕಾಮ್ ಅನ್ನೋ ಪಾಠಗಳು ಬೇರೆ. ಅದರಲ್ಲಿ ರೋಗಿಯಾಗೋದು ಅಂದರೇನು ಅಂತ ಒಂದು ಪಾಠವೇ ಇದೆ. ನಾನು ಇದನ್ನು ಹಂಗಿಸೋದಿಲ್ಲ, ನಮ್ಮ ಕಾಲದಲ್ಲಿ ಇಷ್ಟೂ ಇರಲಿಲ್ಲ. ಆದರೆ ನಾನು ಕೂತು ನೋಡಿದ ತರಗತಿ ಹೇಳ್ತೀನಿ. ಒಬ್ಬ ಹುಡುಗ ಡಾಕ್ಟರ್, ಅವನ ಗೆಳೆಯ ರೋಗಿ. ರೋಗಿ ಇಂಗ್ಲಿಷಿನಲ್ಲಿ, ಎಲ್ಲಿ ಶುರುವಾಯಿತು, ಎಲ್ಲಿಗೆ ಹಬ್ಬಿತು, ಏನು ಮಾಡಿದರೆ ಕಡಿಮೆ ಅಂತ ಪಠ್ಯಪುಸ್ತಕದ ಕ್ರಮದಲ್ಲೇ ಎದೆ ನೋವನ್ನು ವರ್ಣಿಸಿದ. ಡಾಕ್ಟರ್ ಅನುಕಂಪದಿಂದ ತಲೆದೂಗಿದ. ಇಬ್ಬರಿಗೂ ಲಾಗ್ ಬುಕ್ಕಿನಲ್ಲಿ ಸಹಿ ಬಿತ್ತು. ಅಲ್ಲಿಂದ ಮೆಟ್ಟಿಲಿಳಿದು ವಾರ್ಡಿಗೆ ಬಂದರೆ ರೌಂಡ್ಸಿನಲ್ಲಿ ಹತ್ತು ಜನ ಮಂಚದ ಸುತ್ತ ನಿಂತು ರೋಗಿಯ ತಲೆಯ ಮೇಲಿಂದ ಇಂಗ್ಲಿಷಿನಲ್ಲಿ ಮಾತಾಡಿ ಮುಂದೆ ಹೋಗ್ತಾರೆ. ಹುಡುಗರು ಯಾವುದನ್ನು ಕಲೀತಾರೆ ಅಂತ ಬೇರೆ ಹೇಳಬೇಕಾ? ಆ ಹತ್ತು ಜನರ ಮುಂದಾಳು ಎಷ್ಟೋ ದಿನ ನಾನೇ.

ನಾನು ಈಗ ಮಾಡೋದು ತೀರಾ ಸಣ್ಣ ಕೆಲಸ. ನಮ್ಮ ಯೂನಿಟ್‌ನಲ್ಲಿ ಮುಖ್ಯ ತೊಂದರೆಯ ಮೊದಲ ಸಾಲನ್ನು ರೋಗಿ ಆಡಿದ ಮಾತಿನಲ್ಲಿ, ಕನ್ನಡದಲ್ಲಿ ಬರೆಯಬೇಕು. ಉರ್ದು, ತೆಲುಗು ಮಾತಾಡಿದ್ದರೆ ಅದರಲ್ಲಿ. ಇಂಗ್ಲಿಷ್ ಅದರ ಕೆಳಗೆ ಬರಲಿ. ಇಷ್ಟೇ. ಇದಕ್ಕೂ ತಕರಾರು ಬಂದವು. ಕನ್ನಡ ಓದಲು ಬಾರದ ಸಹೋದ್ಯೋಗಿ, ತುರ್ತಿನಲ್ಲಿ ನನಗೆ ಅರ್ಥವಾಗೋದು ಹೇಗೆ ಅಂದರು. ನ್ಯಾಯವಾದ ಪ್ರಶ್ನೆ, ಅದಕ್ಕೇ ಕೆಳಗಿನ ಇಂಗ್ಲಿಷ್ ಸಾಲು. ಪರೀಕ್ಷೆಯಲ್ಲಿ ಹೀಗೆ ಬರೆದರೆ ಮಾರ್ಕ್ಸ್ ಹೋಗುತ್ತಾ ಮೇಡಂ ಅಂತ ಹುಡುಗರ ಚಿಂತೆ. ಪರೀಕ್ಷಕರ ಮುಂದೆ ನಿಮ್ಮ ಅಪರೆಂಟ್ಲಿ ಆಲ್‌ರೈಟೇ ಹೇಳಿ, ಇಲ್ಲಿ ಹೀಗೆ ಬರೀರಿ ಅಂದೆ. ಅದು ರಾಜಿ, ಗೊತ್ತು. ಇದರಿಂದ ಎಷ್ಟು ತಪ್ಪು ತಪ್ಪಿದೆ ಅಂತ ಕೇಳಿದರೆ ನನ್ನ ಹತ್ತಿರ ಲೆಕ್ಕ ಇಲ್ಲ. ಆದರೆ ರೌಂಡ್ಸಿನಲ್ಲಿ ಆ ಮೊದಲ ಸಾಲು ಓದಿದಾಗ ಮಂಚದ ಮೇಲಿನವರು ತಲೆ ಎತ್ತಿ ನೋಡ್ತಾರೆ. ಅಲ್ಲಿಯವರೆಗೆ ಅವರಿಗೆ ನಾವು ಅವರ ಬಗ್ಗೆಯೇ ಮಾತಾಡ್ತಿದ್ದೀವಿ ಅನ್ನೋದು ಖಾತ್ರಿ ಇರೋದಿಲ್ಲ.

ಕಳೆದ ವಾರ ಕೇರಳದ ಹುಡುಗನ ಸರದಿ. ಬಂದು ಎಂಟು ತಿಂಗಳಾಗಿದೆ, ಕನ್ನಡ ಕಿವಿಗೆ ಹಿಡಿದಿದೆ, ಲಿಪಿ ಕೈಗೆ ಬಂದಿಲ್ಲ. ಹೃದಯದ ಶಕ್ತಿ ಕುಂದಿ ಬಂದಿದ್ದ ಒಬ್ಬ ಅಜ್ಜನ ಶೀಟು. ಮೊದಲ ಸಾಲಿನಲ್ಲಿ ಕಪ್ಪಗೆ ದುಂಡದುಂಡಗೆ ಏನೋ ಇತ್ತು, ನನಗೆ ಓದೋಕೆ ಆಗಲಿಲ್ಲ. ಅಜ್ಜ ಹೇಳಿದ್ದನ್ನು ಮಲಯಾಳಂ ಅಕ್ಷರದಲ್ಲಿ ಬರೆದುಕೊಂಡಿದ್ದ.

‘ಓದಪ್ಪಾ’ ಅಂದೆ.

‘ಮಲ್ಗುದ್ರೆ ಉಪ್ಸಾ ಕಟ್ಟದೆ, ಎದ್ದು ಕುಂತ್ಕತೀನಿ.’

‘ಉಪ್ಸ ಅಲ್ಲ ಕಣಪ್ಪ, ಉಬ್ಸ’ ಅಂದರು ಅಜ್ಜ, ದಿಂಬಿಗೆ ಒರಗಿಕೊಂಡೇ. ‘ಮತ್ತೆ ಗೋಡೆ ಬಿಟ್ಬುಟ್ಟಲ್ಲ. ಸುಮ್ನೆ ಕುಂತ್ಕಂಡ್ರೂ ಆಗಕಿಲ್ಲ. ಗೋಡೆಗೆ ಒರಗ್ಕಂಡು ಕುಂತ್ಕಬೇಕು.’

ಹುಡುಗ ಜೇಬಿನಿಂದ ಪೆನ್ನು ತೆಗೆದು ಸಾಲಿನ ಮೇಲೆ ಗೋಡೆ ಸೇರಿಸಿದ. ಇವತ್ತು ಬೆಳಿಗ್ಗೆ ನೋಡಿದೆ, ಅಜ್ಜ ಒಂದೇ ದಿಂಬಿನ ಮೇಲೆ ಮಲಗಿದ್ದರು. ಗೋಡೆ ಬೇಕಾ ಅಂತ ಅವನೇ ಮೊದಲು ಕೇಳಿದ.